ಅವಳ ಓದನ್ನು ಅಳೆದ ವರ್ಷಗಳು

ಓದಲು ಕಷ್ಟಪಡುವ ಮಕ್ಕಳಿಗೆ ಪಾಠ ಹೇಳಿಕೊಡುವುದು, ಅವರು ಎಷ್ಟು ಮುಂದೆ ಬಂದರು ಎಂದು ಆಗಾಗ ಪರೀಕ್ಷಿಸಿ ಬರೆದಿಡುವುದು ನನ್ನ ಕೆಲಸ. ಬನ್ನಿಮಂಟಪದ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹೊರಟು ಒಂದೊಂದು ದಿನ ಒಂದೊಂದು ಸರ್ಕಾರಿ ಶಾಲೆಗೆ ಹೋಗುತ್ತೇನೆ. ಶಾಲೆಯವರು ನನ್ನನ್ನು ಸ್ಪೆಷಲ್ ಮೇಡಂ ಅನ್ನುತ್ತಾರೆ. ನನ್ನ ಜೊತೆ ಕೂರುವ ಮಕ್ಕಳನ್ನು ಉಳಿದ ಮಕ್ಕಳು ‘ಸ್ಪೆಷಲ್ಲು’ ಎಂದು ಆಡಿಕೊಳ್ಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಯಾರೋ ತಂದಿಟ್ಟ ಪದ. ಅದು ಬೈಗುಳವಾಗಲು ಬಹಳ ಕಾಲ ಹಿಡಿಯಲಿಲ್ಲ.

ವರ್ಷಕ್ಕೆ ಮೂರು ಸಲ ಅಳೆಯುತ್ತೇವೆ. ಶಾಲೆ ಶುರುವಾದಾಗ ಒಮ್ಮೆ, ದಸರಾ ರಜೆ ಕಳೆದ ಮೇಲೆ ಒಮ್ಮೆ, ಬೇಸಿಗೆ ರಜೆಗೆ ಮುಂಚೆ ಒಮ್ಮೆ. ಮೊದಲು ಬಿಡಿ ಅಕ್ಷರ, ಆಮೇಲೆ ಪದ, ಆಮೇಲೆ ಎರಡನೇ ತರಗತಿಯ ಮಟ್ಟದ ಒಂದು ಪುಟ್ಟ ಪಾಠ. ಮಗು ಗಟ್ಟಿಯಾಗಿ ಓದಬೇಕು, ನಾನು ಮೊಬೈಲಿನಲ್ಲಿ ಸಮಯ ನೋಡುತ್ತಾ ತಪ್ಪುಗಳನ್ನು ಗುರುತು ಹಾಕಿಕೊಳ್ಳಬೇಕು. ಮೊಬೈಲನ್ನು ನಾನು ಸೆರಗಿನ ಮರೆಯಲ್ಲಿ ಹಿಡಿದುಕೊಳ್ಳುತ್ತೇನೆ. ಸಮಯ ಓಡುವುದು ಕಣ್ಣಿಗೆ ಬಿದ್ದರೆ ಮಕ್ಕಳಿಗೆ ಬರುವ ಅಕ್ಷರವೂ ಬಾರದೆ ಹೋಗುತ್ತದೆ.

ಆ ಹುಡುಗಿಯನ್ನು ನಾನು ಮೊದಲು ನೋಡಿದ್ದು ಕೆಸರೆ ಕಡೆಯ ಒಂದು ಪ್ರೌಢಶಾಲೆಯಲ್ಲಿ. ಆಗ ಅವಳು ಎಂಟನೇ ತರಗತಿ. ವಯಸ್ಸಿಗಿಂತ ಎತ್ತರ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ತುದಿಯಲ್ಲಿ ಕೆಂಪು ಟೇಪು. ಅವಳ ಮೇಷ್ಟ್ರು ಅವಳನ್ನು ನನ್ನ ಬಳಿಗೆ ಕಳಿಸುವ ಮೊದಲು ಅವಳ ನೋಟ್ಸ್ ತಂದು ತೋರಿಸಿದ್ದರು. ಬೋರ್ಡಿನ ಮೇಲೆ ಬರೆದದ್ದೆಲ್ಲ ಒಂದೂ ತಪ್ಪಿಲ್ಲದೆ, ಮುತ್ತು ಪೋಣಿಸಿದ ಹಾಗೆ ಪುಟದಲ್ಲಿ ಕೂತಿತ್ತು.

“ಹಿಂಗೆ ಬರೆಯೋಳಿಗೆ ಓದೋಕೆ ಬರಲ್ಲ ಅಂದ್ರೆ ನಂಬ್ತೀರಾ ಮೇಡಂ? ಎದ್ದು ಓದಮ್ಮ ಅಂದ್ರೆ ಬಾಯೇ ಬಿಡಲ್ಲ. ಕೊಬ್ಬು ಅಷ್ಟೇ ಕಣ್ರೀ” ಎಂದಿದ್ದರು.

ನಮಗೆ ಕೊಟ್ಟಿದ್ದ ಕೋಣೆಯಲ್ಲಿ ಬಿಸಿಯೂಟದ ಬೇಳೆ, ಅಕ್ಕಿ ಮೂಟೆಗಳನ್ನೂ ಪೇರಿಸಿದ್ದರು. ಒಂದು ಕಿಟಕಿ, ಒಂದು ಬೆಂಚು. ಅವಳ ಮುಂದೆ ಒಂದು ಹಾಳೆಯಿಟ್ಟು, ‘ಮರ’ ಎಂದು ಬರೆದು, ಇದನ್ನು ನೋಡಿ ಬರಿ ಎಂದೆ. ನನ್ನ ಅಕ್ಷರಕ್ಕಿಂತ ಅಂದವಾಗಿ ಬರೆದಳು. ಈಗ ನೀನು ಬರೆದದ್ದನ್ನು ಓದು ಎಂದೆ. ಅವಳು ಆ ಎರಡು ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಉತ್ತರ ನನ್ನ ಮುಖದಲ್ಲಿ ಎಲ್ಲಾದರೂ ಇರಬಹುದು ಎನ್ನುವ ಹಾಗೆ ಕಣ್ಣು, ಬಾಯಿ ಎಲ್ಲವನ್ನೂ ಹುಡುಕಿದಳು. ಈ ನೋಟ ನನಗೆ ಹೊಸದಲ್ಲ. ಇಷ್ಟು ವರ್ಷ ಅವಳು ಶಾಲೆಯಲ್ಲಿ ಬದುಕಿಕೊಂಡು ಬಂದದ್ದೇ ಹಾಗೆ, ಪುಸ್ತಕ ಬಿಟ್ಟು ಮುಖಗಳನ್ನು ಓದಿಕೊಂಡು.

“ಗೊತ್ತಿಲ್ಲ ಮಿಸ್” ಎಂದಳು ಕೊನೆಗೆ. ಕೊಬ್ಬಿರುವ ಧ್ವನಿಯಲ್ಲ ಅದು.

ಕೆಲಸ ಶುರು ಮಾಡಿದೆವು. ತಟ್ಟೆಯಲ್ಲಿ ರವೆ ಹರಡಿ ಬೆರಳಿನಿಂದ ಅಕ್ಷರ ತಿದ್ದಿಸಿದೆ. ಪ, ವ, ಮ ಮೂರೂ ಅವಳಿಗೆ ಒಂದೇ ಮನೆಯ ಮಕ್ಕಳಂತೆ ಕಾಣುತ್ತಿದ್ದವು. ಗುಣಿತಾಕ್ಷರ ಬಂದರೆ ತಲೆಕಟ್ಟು ಎಲ್ಲಿ ಹೋಯಿತೆಂದು ಗಾಬರಿಪಡುತ್ತಿದ್ದಳು. ಒತ್ತಕ್ಷರವನ್ನಂತೂ ಕಾಲಿಗೆ ಸಿಕ್ಕಿದ ಮುಳ್ಳಿನಂತೆ ದಾಟಿ ಮುಂದೆ ಹೋಗುತ್ತಿದ್ದಳು. ‘ಮಳೆ’ ಎಂದು ಓದಬೇಕಾದರೆ ಮೊದಲು ‘ಮ’ ಹಿಡಿಯಬೇಕು, ಆಮೇಲೆ ‘ಳೆ’ ಹಿಡಿಯಬೇಕು. ‘ಳೆ’ ಸಿಗುವ ಹೊತ್ತಿಗೆ ‘ಮ’ ಕೈ ಜಾರಿ ಹೋಗಿರುತ್ತಿತ್ತು. ಮತ್ತೆ ಮೊದಲಿಂದ. ಅವಳು ಬೇಸರಪಡುತ್ತಿರಲಿಲ್ಲ, ಅದು ಆಶ್ಚರ್ಯ. ನನಗೇ ಕೆಲವೊಮ್ಮೆ ಬೇಸರವಾಗಿ, ಕಿಟಕಿಯಾಚೆ ಮೈಕಿನಲ್ಲಿ ಕೂಗಿಕೊಂಡು ಹೋಗುವ ತರಕಾರಿ ಗಾಡಿಯ ಕಡೆ ಕಿವಿ ಹೋಗುತ್ತಿತ್ತು. ಅವಳು ಬೆರಳನ್ನು ರವೆಯಿಂದ ಎತ್ತದೆ ಕಾಯುತ್ತಿದ್ದಳು.

ದಸರಾ ರಜೆ ಕಳೆದು ಅಳೆದಾಗ ಎರಡಕ್ಷರದ ಸುಲಭ ಪದಗಳನ್ನು ಕೂಡಿಸಿ ಓದಿದಳು. ಮರ, ಹಸು, ಮನೆ, ಕಾಗೆ. ಪಾಠಕ್ಕೆ ಬಂದಾಗ ಮೊದಲ ಸಾಲಿನಲ್ಲೇ ನಿಂತಳು. ಆದರೂ ಅವತ್ತು ಮನೆಗೆ ಹೋಗುವ ದಾರಿಯಲ್ಲಿ ನಾನು ಸ್ವೀಟ್ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ್ದು ನೆನಪಿದೆ.

ಆ ದಿನಗಳಲ್ಲೇ ಅವಳ ತಾಯಿ ನನ್ನನ್ನು ನೋಡಲು ಬಂದರು. ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಗುಡಿಸಿ ಒರೆಸುವ ಕೆಲಸ ಅವರದು, ಕಂಟ್ರಾಕ್ಟ್ ಮೇಲೆ. ಎರಡನೇ ಪಾಳಿಯ ದಿನವಾದ್ದರಿಂದ ಬೆಳಿಗ್ಗೆ ಬಿಡುವಿತ್ತು. ಸೀರೆಯ ಮೇಲೆ ಹಸಿರು ಕೋಟು ತೊಟ್ಟೇ ಬಂದಿದ್ದರು, ಶಾಲೆಯಿಂದ ನೇರ ಕೆಲಸಕ್ಕೆ ಹೋಗುವವರು. ಕೊಳ್ಳೇಗಾಲದ ಆಚೆಯ ಹಳ್ಳಿಯವರು, ಮದುವೆಯಾದ ಮೇಲೆ ಮೈಸೂರಿಗೆ ಬಂದವರು. ಗಂಡ ಗೂಡ್ಸ್ ಆಟೋ ಓಡಿಸುತ್ತಾರಂತೆ. ಬೆಂಚಿನ ಮೇಲೆ ಕೂರಿ ಎಂದರೂ ತುದಿಯಲ್ಲಷ್ಟೇ ಕೂತರು.

“ಮಗಿಗೆ ದೋಷ ಏನಾರ ಅದಾ ಮೇಡಮ್ಮೋರೆ?” ಎಂದು ಕೇಳಿದರು.

“ದೋಷ ಅಲ್ಲ ಕಣಮ್ಮ. ಕೆಲವರಿಗೆ ಓದೋದು ತುಂಬಾ ಕಷ್ಟ ಆಗುತ್ತೆ. ನಿಧಾನಕ್ಕೆ ಬರುತ್ತೆ.”

“ಬತ್ತದಾ?”

“ಬರುತ್ತೆ” ಎಂದೆ. ಎಷ್ಟು ಬರುತ್ತದೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

“ಎಸ್ಸೆಸ್ಸೆಲ್ಸಿ ಒಂದು ಪಾಸ್ ಅಂತ ಆಗ್ಬುಟ್ರೆ ಸಾಕು. ಅಲ್ಲಿ ಮಿಷನ್ ತಾವು ಕುಂತ್ಕಳೋ ಹುಡ್ಗೀರೆಲ್ಲ ಎಸ್ಸೆಸ್ಸೆಲ್ಸಿ ಆದೋರೇಯ. ನಾನು ಅವ್ರ ಕಾಲ್ ಕೆಳ್ಗೆ ಗುಡಿಸ್ತೀನಿ. ಕಾಲೆತ್ತಮ್ಮಣ್ಣಿ ಅಂದ್ರೆ ಎತ್ತವೆ, ಪಾಪ, ಒಳ್ಳೇ ಹುಡ್ಗೀರೇಯ. ಇವ್ಳು ಪೊರಕೆ ಇಡೀಬಾರ್ದು, ಅಷ್ಟೇಯ ನಂಗೆ.”

ಅವರು ಎದ್ದು ಹೋಗುವಾಗ ಮಗಳ ಜಡೆಯ ಟೇಪನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದರು.

ಬೇಸಿಗೆ ರಜೆಗೆ ಮುಂಚಿನ ಪರೀಕ್ಷೆ ಬಂತು. ಆ ಸಲ ನನ್ನ ಬಳಿ ಇದ್ದ ಪಾಠ ಒಂದು ಮೇಕೆಮರಿಯದು. ಅದು ಹಣ್ಣಿನ ಅಂಗಡಿಗೆ ನುಗ್ಗಿ ಬಾಳೆಹಣ್ಣು ತಿನ್ನುತ್ತದೆ, ಅಂಗಡಿಯವನು ಅಟ್ಟಿಸಿಕೊಂಡು ಹೋಗುತ್ತಾನೆ. ಬೆಳಿಗ್ಗೆಯಿಂದ ಒಬ್ಬೊಬ್ಬರನ್ನೇ ಒಳಗೆ ಕರೆದು ಓದಿಸುತ್ತಿದ್ದೆ. ಇವಳ ಸರದಿ ಎಲ್ಲರಿಗಿಂತ ಕೊನೆಗೆ. ಬಂದು ಕೂತಳು, ಪುಟದ ಮೇಲೆ ಬೆರಳಿಟ್ಟಳು, ಓದಲು ಶುರು ಮಾಡಿದಳು.

ನಿಲ್ಲಲೇ ಇಲ್ಲ. ‘ಒಂದು ಊರಿನಲ್ಲಿ ಒಂದು ತುಂಟ ಮೇಕೆಮರಿ ಇತ್ತು’ ಎಂಬಲ್ಲಿಂದ ಶುರು ಮಾಡಿ, ಅಂಗಡಿಯವನು ಕೂಗುವ ಕಡೆ ಧ್ವನಿ ಏರಿಸಿ, ಮರಿ ತಪ್ಪಿಸಿಕೊಳ್ಳುವ ಕಡೆ ನಕ್ಕು, ಒಂದೇ ಉಸಿರಿನಲ್ಲಿ ಓದಿಕೊಂಡು ಹೋದಳು. ಎಲ್ಲೋ ಒಳಗೆ ಒಂದು ಬಾಗಿಲು ತೆರೆದುಕೊಳ್ಳುತ್ತದೆ, ಆಮೇಲೆ ಹೊಳೆಯಂತೆ ಹರಿಯುತ್ತದೆ ಎಂದು ನಮ್ಮ ತರಬೇತಿಯಲ್ಲಿ ಹೇಳುತ್ತಿದ್ದರು. ಇದೇ ಅದು ಅಂದುಕೊಂಡೆ. ಆಗ ನನ್ನ ಕಣ್ಣು ಅವಳ ಬೆರಳಿನ ಮೇಲೆ ಬಿತ್ತು. ಬಾಯಿ ಪಾಠದ ಕೊನೆಗೆ ಬಂದಿತ್ತು. ಬೆರಳು ಇನ್ನೂ ಎರಡನೇ ಸಾಲಿನಲ್ಲಿತ್ತು.

ನಾನು ಪುಟ ಮಗುಚಿ ಬೇರೆ ಪಾಠ ತೆಗೆದೆ. ಅಷ್ಟೇ ಉದ್ದದ್ದು, ಅಷ್ಟೇ ಸುಲಭದ್ದು. ಅವಳು ಅದನ್ನು ನೋಡಿದಳು. ಮೊದಲ ಪದ ಕೂಡಿಸಿದಳು, ಎರಡನೆಯದನ್ನು ಕೂಡಿಸಲು ಹೋಗಿ ಬಿಟ್ಟಳು. ಮೂರನೆಯದಕ್ಕೆ ಬಾಯಿ ತೆರೆಯಲಿಲ್ಲ.

“ಆ ಪಾಠ ಎಲ್ಲಿ ಕಲಿತೆ?” ಎಂದು ಕೇಳಿದೆ.

“ಆಚೆ ಕಿಟಕಿ ಹತ್ರ ಕೂತಿದ್ದೆ ಮಿಸ್. ಎಲ್ರೂ ಓದ್ತಿದ್ರಲ್ಲ, ಕೇಳಿಸ್ಕೊಂಡೆ.”

“ಯಾಕೆ?”

“ನಿಮ್ಗೆ ಖುಷಿ ಆಗ್ಲಿ ಅಂತ.”

ಬೆಳಿಗ್ಗೆಯಿಂದ ಕಿಟಕಿಯ ಬಳಿ ಬಿಸಿಲಲ್ಲಿ ಕೂತು, ತಡವರಿಸುವ ಮಕ್ಕಳ ಬಾಯಿಂದ ತುಂಡು ತುಂಡಾಗಿ ಬಂದದ್ದನ್ನು ಜೋಡಿಸಿಕೊಂಡು, ಇಡೀ ಕಥೆಯನ್ನು ಅವಳು ತಲೆಯಲ್ಲಿ ಕಟ್ಟಿದ್ದಳು. ಅಂಥ ಕಿವಿ, ಅಂಥ ನೆನಪು. ನನ್ನ ಪರೀಕ್ಷೆಯಲ್ಲಿ ಅದನ್ನು ಅಳೆಯುವ ಕಾಲಂ ಇರಲಿಲ್ಲ. ಅವಳು ಪುಸ್ತಕ ಮುಚ್ಚಿ ನನ್ನ ಕಡೆ ತಳ್ಳಿದಳು. ಅಳಲಿಲ್ಲ. ನಾನೇ ಅವಳನ್ನು ಹಿಡಿದು ಯಾರಿಗೋ ಒಪ್ಪಿಸಿಬಿಟ್ಟ ಹಾಗೆ ನನ್ನನ್ನು ನೋಡಿದಳು.

ವರದಿ ಕೊಡಲು ಹೋದಾಗ ಹೆಡ್‌ಮಾಸ್ಟರು ಕನ್ನಡಕ ಏರಿಸಿ ನೋಡಿದರು. ಒಳ್ಳೆಯ ಮನುಷ್ಯ, ನಿವೃತ್ತಿ ಹತ್ತಿರವಿತ್ತು.

“ಈ ಹುಡುಗಿದು ಏನ್ ಹಾಕಿದೀರಿ ಮೇಡಂ?”

“ಎರಡಕ್ಷರದ ಪದ ಓದ್ತಾಳೆ ಸರ್. ಮೂರಕ್ಷರದ್ದು ಒಂದೊಂದು. ಪಾಠ ಓದೋಕೆ ಆಗಲ್ಲ.”

“ಸ್ವಲ್ಪ ಪ್ರಗತಿ ಅಂತ ಹಾಕ್ಬುಡಿ. ಇಲ್ಲ ಅಂದ್ರೆ ಮೇಲಿಂದ ನಮ್ಮನ್ನೇ ಕೇಳ್ತಾರೆ.”

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಜೂನ್‌ನಲ್ಲಿ ‘ಮರ’ ಓದಲಾರದವಳು ಈಗ ಓದುತ್ತಿದ್ದಳು. ಸ್ವಲ್ಪ ಪ್ರಗತಿ ಎಂದೇ ಬರೆದೆ. ಆದರೆ ಇದೇ ವೇಗದಲ್ಲಿ ಹೋದರೆ ಹತ್ತನೇ ತರಗತಿಯ ಪುಸ್ತಕ ಓದುವ ಹೊತ್ತಿಗೆ ಅವಳಿಗೆ ಅವಳ ತಾಯಿಯ ವಯಸ್ಸಾಗಿರುತ್ತದೆ ಎಂಬ ಲೆಕ್ಕ ತಲೆಯಿಂದ ಹೋಗಲಿಲ್ಲ. ಬೇಸಿಗೆ ಪೂರ್ತಿ ಮಾವಿನಹಣ್ಣು ಹೆಚ್ಚುವಾಗಲೂ, ಬಟ್ಟೆ ಒಗೆಯುವಾಗಲೂ ಅದೇ ಲೆಕ್ಕ.

ಒಂಬತ್ತನೇ ತರಗತಿಗೆ ಬಂದಾಗ ನನಗೊಂದು ದಾರಿ ಕಂಡಿತು. ಕಲಿಕಾ ನ್ಯೂನತೆ ಇದೆ ಎಂದು ಆಸ್ಪತ್ರೆಯಿಂದ ಸರ್ಟಿಫಿಕೇಟ್ ಸಿಕ್ಕರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ರಿಯಾಯಿತಿ ಸಿಗುತ್ತದೆ. ಪ್ರಶ್ನೆಯನ್ನು ಒಬ್ಬರು ಓದಿ ಹೇಳುತ್ತಾರೆ, ಮಗು ಬಾಯಲ್ಲಿ ಹೇಳಿದ್ದನ್ನು ಅವರೇ ಬರೆಯುತ್ತಾರೆ. ಕಿವಿಯಿಂದ ಕಲಿತು ಬಾಯಿಂದ ಹೇಳುವುದಾದರೆ ಅವಳು ಪಾಸಾಗುತ್ತಾಳೆ, ನನಗೆ ಅನುಮಾನವೇ ಇರಲಿಲ್ಲ. ಸಮಾಜದ ಪಾಠವನ್ನು ಎರಡು ಸಲ ಓದಿ ಹೇಳಿದರೆ ಸಾಕು, ಮಾರನೇ ವಾರ ನನಗೇ ತಿರುಗಿ ಹೇಳುತ್ತಿದ್ದಳು. ಅವಳ ತಾಯಿಗೆ ವಿಷಯ ತಿಳಿಸಿದೆ. ಅವರು ರಜೆ ಹಾಕಿದರು. ಮೂವರೂ ಆಸ್ಪತ್ರೆಗೆ ಹೋದೆವು.

ಪರೀಕ್ಷೆ ಮಾಡಿದವರು ಚಿಕ್ಕ ವಯಸ್ಸಿನ ಮನಃಶಾಸ್ತ್ರಜ್ಞೆ. ಬೇರೆ ಬೇರೆ ಬಣ್ಣದ ಮರದ ತುಂಡುಗಳನ್ನು ಚಿತ್ರದಂತೆ ಜೋಡಿಸುವುದು, ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದು, ಚಿತ್ರದಲ್ಲಿ ಏನು ಬಿಟ್ಟುಹೋಗಿದೆ ಎಂದು ಗುರುತಿಸುವುದು. ಹುಡುಗಿಗೆ ಅದೆಲ್ಲ ಆಟದಂತೆ ಖುಷಿಯಾಯಿತು. ಹೊರಗೆ ಬಂದಾಗ ಕೆನ್ನೆ ಕೆಂಪಾಗಿತ್ತು. ಮತ್ತೊಂದು ದಿನ ಫಲಿತಾಂಶಕ್ಕೆ ಕರೆದರು. ಹುಡುಗಿಯನ್ನು ಹೊರಗೆ ಕುರ್ಚಿಯಲ್ಲಿ ಕೂರಿಸಿ ನಾವಿಬ್ಬರು ಒಳಗೆ ಹೋದೆವು.

ಮನಃಶಾಸ್ತ್ರಜ್ಞೆ ತಾಯಿಯ ಕಡೆ ತಿರುಗಿ ಮೆಲ್ಲಗೆ ಹೇಳಿದರು. “ನೋಡಿಮ್ಮ, ಇಲ್ಲಿ ಎರಡು ಗೆರೆ ಇದೆ. ಬುದ್ಧಿ ಮಾಮೂಲಿನಷ್ಟಿದ್ದೂ ಓದೋಕೆ ಬರಲ್ಲ ಅಂದ್ರೆ ಅದಕ್ಕೊಂದು ಸರ್ಟಿಫಿಕೇಟ್ ಕೊಡ್ತೀವಿ. ಬುದ್ಧಿನೇ ತುಂಬಾ ಕಮ್ಮಿ ಇದ್ರೆ ಅದಕ್ಕೆ ಬೇರೆ ಸರ್ಟಿಫಿಕೇಟ್. ನಿಮ್ಮ ಮಗಳು ಎರಡರ ಮಧ್ಯ ಬರ್ತಾಳೆ. ಮೇಲಿನ ಗೆರೆ ಮುಟ್ಟಿಲ್ಲ, ಕೆಳಗಿನ ಗೆರೆಗಿಂತ ಮೇಲಿದಾಳೆ. ಹಾಗಾಗಿ ಎರಡೂ ಕೊಡೋಕಾಗಲ್ಲ.”

ತಾಯಿಗೆ ಅರ್ಥವಾಗಿಲ್ಲವೇನೋ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಕೇಳಿದರು.

“ಅಂಗಾದ್ರೆ ಇನ್ನೊಂಚೂರು ದಡ್ಡಿ ಆಗಿದ್ರೆ ಕೊಡ್ತಿದ್ರಾ ಅವ್ವ?”

ಮನಃಶಾಸ್ತ್ರಜ್ಞೆ ಮೇಜಿನ ಮೇಲಿದ್ದ ಮರದ ತುಂಡುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದರು. ಹುಡುಗಿಯ ಕೇಳುವ ಶಕ್ತಿ, ನೆನಪು ಇವುಗಳನ್ನು ಕುರಿತು ನಾನು ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಒಂದು ವಿಷಯದಲ್ಲಿ ಚೆನ್ನಾಗಿ ಮಾಡಿ ಉಳಿದದ್ದರಲ್ಲಿ ಕಡಿಮೆ ಮಾಡಿದರೆ ಎಲ್ಲ ಸೇರಿ ಸಿಗುವುದು ಇದೇ ಅಂಕ ಎಂದು ವಿವರಿಸಿದರು. ಇಂಥ ಮಕ್ಕಳು ತುಂಬಾ ಬರುತ್ತಾರೆ ಮೇಡಂ, ನಮಗೂ ಕಷ್ಟ ಅನ್ನಿಸುತ್ತೆ ಎಂದರು. ಅವರು ಹೇಳಿದ್ದು ನಿಜ, ಅವರ ಮುಖದಲ್ಲೇ ಗೊತ್ತಾಗುತ್ತಿತ್ತು. ಹೊರಗೆ ಇನ್ನೂ ಜನ ಕಾಯುತ್ತಿದ್ದರು.

ಬಾಗಿಲು ತೆರೆದು ಬಂದ ಕೂಡಲೇ ಹುಡುಗಿ ಎದ್ದು ನಿಂತಳು. “ಪಾಸಾದ್ನಾ ಅಮ್ಮ?”

“ಪಾಸ್ ಕಣ್ ಮಗ. ಚೆನ್ನಾಗ್ ಮಾಡಿದ್ದೀಯಂತೆ” ಎಂದರು ತಾಯಿ.

ಬಸ್ಸಿನಲ್ಲಿ ಅವರಿಬ್ಬರೂ ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದರು. ಮಗಳು ಮರದ ತುಂಡು ಜೋಡಿಸಿದ್ದನ್ನು ಕೈ ಆಡಿಸುತ್ತಾ ವಿವರಿಸುತ್ತಿದ್ದಳು. ತಾಯಿ ಹೂಂ ಅನ್ನುತ್ತಾ ಕಿಟಕಿಯ ಆಚೆ ನೋಡುತ್ತಿದ್ದರು.

ಹತ್ತನೇ ತರಗತಿಯ ವರ್ಷ ನಾನು ಅವಳನ್ನು ಅಳೆಯುವುದಕ್ಕಿಂತ ಪರೀಕ್ಷೆಗೆ ತಯಾರು ಮಾಡಿದ್ದೇ ಹೆಚ್ಚು. ಅವಳ ಕೈಬರಹ, ಚಿತ್ರ ಬಿಡಿಸುವ ಕೈ, ನೆನಪು, ಈ ಮೂರನ್ನು ಹಿಡಿದು ಹೇಗಾದರೂ ದಡ ಮುಟ್ಟಿಸೋಣ ಎಂದುಕೊಂಡೆ. ಹೃದಯದ ಚಿತ್ರ, ಕಣ್ಣಿನ ಚಿತ್ರ, ಭಾರತದ ನಕ್ಷೆ ಎಲ್ಲ ಕಣ್ಣು ಮುಚ್ಚಿಕೊಂಡು ಬಿಡಿಸುವಷ್ಟು ಕಲಿತಳು. ಚಿಕ್ಕ ಚಿಕ್ಕ ಉತ್ತರಗಳನ್ನು ಬರೆದು ಬರೆದು ಕೈಗೆ ರೂಢಿ ಮಾಡಿಕೊಂಡಳು. ಆದರೆ ಯಾವ ಪ್ರಶ್ನೆಗೆ ಯಾವ ಉತ್ತರ ಎಂದು ತಿಳಿಯಬೇಕಾದರೆ ಪ್ರಶ್ನೆಯನ್ನು ಓದಬೇಕಲ್ಲ. ಅದಕ್ಕಾಗಿ ಮುಖ್ಯ ಪದಗಳನ್ನು ಅಕ್ಷರ ಅಂದುಕೊಳ್ಳದೆ ಚಿತ್ರದಂತೆ ಗುರುತು ಹಿಡಿಯಲು ಕಲಿಸಿದೆ. ‘ಹೃದಯ’ ಎಂಬುದು ಹೀಗೆ ಕಾಣುತ್ತದೆ, ‘ಕಣ್ಣು’ ಹೀಗೆ. ಮನೆಯ ಬೀದಿಯ ಅಂಗಡಿಗಳನ್ನು ಗುರುತು ಹಿಡಿಯುತ್ತೀಯಲ್ಲ, ಹಾಗೆ ಎಂದೆ. ಕೋಣೆಯಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. ಪರೀಕ್ಷೆಗೆ ಒಂದು ವಾರ ಇರುವಾಗ ಅವಳೇ ನನಗೆ ಧೈರ್ಯ ಹೇಳಿದಳು. “ಹೆದ್ರಕೋಬೇಡಿ ಮಿಸ್, ನಾನ್ ಬರೀತೀನಿ.”

ಮೊದಲ ಪರೀಕ್ಷೆ ಕನ್ನಡ. ಆ ದಿನ ನಾನು ಅವಳ ತಾಯಿಯ ಜೊತೆ ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ನಿಂತಿದ್ದೆ. ಗಂಟೆ ಹೊಡೆಯಿತು. ಮಕ್ಕಳು ಗುಂಪು ಗುಂಪಾಗಿ ಹೊರಗೆ ಬಂದರು. ಇವಳು ನಗುತ್ತಾ, ಹೆಚ್ಚುಕಡಿಮೆ ಓಡಿಕೊಂಡೇ ಬಂದಳು.

“ಫುಲ್ ಬರ್ದೆ ಮಿಸ್! ಅಡಿಷನಲ್ ಶೀಟ್ ಕೂಡ ಇಸ್ಕೊಂಡೆ.”

ಪಕ್ಕದಲ್ಲಿ ನಿಂತಿದ್ದ ಬೇರೆ ತಾಯಂದಿರು ತಿರುಗಿ ನೋಡಿದರು. ಅವಳ ತಾಯಿ ಎರಡೂ ಕೈಯಿಂದ ಮಗಳ ಮುಖ ಹಿಡಿದುಕೊಂಡರು. “ನೋಡುದ್ರಾ ಮೇಡಮ್ಮೋರೆ” ಎಂದರು.

“ಏನೇನು ಬರೆದೆ ಹೇಳು” ಎಂದೆ.

ಅವಳು ಪ್ರಶ್ನೆಪತ್ರಿಕೆ ಬಿಡಿಸಿ ನನ್ನ ಮುಂದೆ ಹಿಡಿದಳು. “ಇದ್ನೇ ಮಿಸ್. ಮೊದಲಿಂದ ಕೊನೇವರ್ಗೂ. ಒಂದೂ ಬಿಟ್ಟಿಲ್ಲ.”

ಪ್ರಶ್ನೆಪತ್ರಿಕೆಯನ್ನೇ ಪೂರ್ತಿ ನಕಲು ಮಾಡಿದ್ದಳು. ಒಳಗೆ ಕೂತಾಗ ಗುರುತು ಹಿಡಿಯಲು ಕಲಿತಿದ್ದ ಪದ ಯಾವುದೂ ಕಣ್ಣಿಗೆ ಬಿದ್ದಿರಲಿಲ್ಲ. ಅಥವಾ ಬಿದ್ದರೂ ಗಾಬರಿಯಲ್ಲಿ ಗುರುತು ಸಿಕ್ಕಿರಲಿಲ್ಲ. ಸುತ್ತ ಎಲ್ಲರೂ ತಲೆ ಬಗ್ಗಿಸಿ ಬರೆಯುತ್ತಿದ್ದರು. ಖಾಲಿ ಕೂರಬೇಡ, ಏನಾದರೂ ಬರಿ ಎಂದು ಮೇಷ್ಟ್ರು ತಿಂಗಳುಗಟ್ಟಲೆ ಹೇಳಿದ್ದರು. ಹಾಗಾಗಿ ತನಗೆ ಚೆನ್ನಾಗಿ ಬರುವುದನ್ನು ಮಾಡಿದ್ದಳು. ಆ ಉತ್ತರ ಪತ್ರಿಕೆಯನ್ನು ನಾನು ನೋಡಲಿಲ್ಲ, ಆದರೆ ಅದು ಹೇಗಿದ್ದಿರಬಹುದೆಂದು ಬಲ್ಲೆ. ಒಂದು ಕಾಗುಣಿತವೂ ತಪ್ಪಿರುವುದಿಲ್ಲ.

ತಾಯಿಗೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಅವರು ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು. ಮಗಳು ಇಬ್ಬರನ್ನೂ ನೋಡಿದಳು. ಅವಳ ನಗು ಒಮ್ಮೆಲೇ ಹೋಗಲಿಲ್ಲ. ನಮ್ಮ ಮುಖಗಳಲ್ಲಿ ಏನಿದೆ ಎಂದು ತಿಳಿದುಕೊಂಡಂತೆಲ್ಲ ನಿಧಾನವಾಗಿ ಇಳಿಯಿತು. ಮುಖ ಓದುವುದರಲ್ಲಿ ಅವಳು ಎಂದೂ ತಪ್ಪಿದವಳಲ್ಲ.

“ಬಾ, ಎಳನೀರು ಕುಡ್ಯವಾ. ಬಿಸ್ಲು” ಎಂದರು ತಾಯಿ. ಮೂವರೂ ರಸ್ತೆ ಬದಿಯಲ್ಲಿ ನಿಂತು ಎಳನೀರು ಕುಡಿದೆವು.

ಉಳಿದ ಪರೀಕ್ಷೆಗಳಿಗೂ ಹೋದಳು. ವಿಜ್ಞಾನದಲ್ಲಿ ಬಿಡಿಸಿದ ಚಿತ್ರಕ್ಕೆ ಅಂಕ ಸಿಕ್ಕಿತ್ತು. ಆದರೆ ಒಂದು ವಿಷಯದಲ್ಲೂ ಪಾಸಾಗಲಿಲ್ಲ. ಎರಡನೇ ಸಲದ ಪರೀಕ್ಷೆಗೆ ಮೇಷ್ಟ್ರೇ ಮುಂದೆ ನಿಂತು ಕಟ್ಟಿಸಿದರು. ಅವಳಿಗೆ ಕೊಬ್ಬು ಎಂದಿದ್ದ ಅದೇ ಮೇಷ್ಟ್ರು. ಆ ಹೊತ್ತಿಗೆ ಅವರು ಸಂಜೆ ಅರ್ಧ ಗಂಟೆ ಹೆಚ್ಚು ಕೂತು ಅವಳಿಗೆ ಪಾಠ ಓದಿ ಹೇಳುತ್ತಿದ್ದರು. ಅದರಲ್ಲೂ ಆಗಲಿಲ್ಲ. ಮೂರನೇ ಸಲ ಅವಳು ಮನೆಯಿಂದ ಹೊರಡಲೇ ಇಲ್ಲ.

ಶಾಲೆ ಬಿಟ್ಟ ಮಗುವಿನದೂ ಕೊನೆಯ ಅಳತೆಯೊಂದು ವರದಿಯಲ್ಲಿರಬೇಕೆಂಬ ನಿಯಮವಿದೆ. ಮಳೆಗಾಲದ ಒಂದು ಮಧ್ಯಾಹ್ನ ಕೆಸರೆಯ ಅವರ ಮನೆಗೆ ಹೋದೆ. ಒಂದೇ ಕೋಣೆ, ಪಕ್ಕದಲ್ಲಿ ಅಡುಗೆಗೆ ಮರೆ. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಅವಳು ಪರೀಕ್ಷೆಗೆಂದು ಕಲಿಯುವಾಗ ಬಿಡಿಸಿದ ಹೃದಯದ ಚಿತ್ರವನ್ನು ಯಾರೋ ಅಂಟಿಸಿದ್ದರು. ಅವಳೊಬ್ಬಳೇ ಇದ್ದಳು, ಒಣಗಿದ ಬಟ್ಟೆ ಮಡಚುತ್ತಿದ್ದಳು. ಟೀ ಮಾಡಿ ಕೊಟ್ಟಳು. ನಾನು ಹೊಸ ಪುಸ್ತಕ ತೆಗೆದೆ. ಅವಳು ಅದುವರೆಗೆ ಎಲ್ಲೂ ಕೇಳಿರಲಾರದ, ನೋಡಿರಲಾರದ ಪಾಠ.

ಓದಿದಳು. ನಿಧಾನವಾಗಿ, ಪದದಿಂದ ಪದಕ್ಕೆ ಬೆರಳು ಸರಿಸುತ್ತಾ. ಒತ್ತಕ್ಷರ ಬಂದಾಗ ನಿಂತು, ತುಟಿಯಲ್ಲೇ ಒಮ್ಮೆ ಹೇಳಿಕೊಂಡು, ದಾಟಿದಳು. ಎರಡು ಕಡೆ ತಪ್ಪಿ, ತಾನೇ ಹಿಂದೆ ಹೋಗಿ ಸರಿ ಮಾಡಿಕೊಂಡಳು. ಬೆರಳು, ಬಾಯಿ ಎರಡೂ ಒಂದೇ ಕಡೆ ಇದ್ದವು. ಪಾಠ ಮುಗಿಸಿದಳು. ಅವಳನ್ನು ನೋಡಿದಂದಿನಿಂದ ಅಷ್ಟು ಚೆನ್ನಾಗಿ ಅವಳು ಓದಿದ್ದು ಅದೇ ಮೊದಲು.

“ಚೆನ್ನಾಗಿ ಓದ್ದೆ ಕಣೇ” ಎಂದೆ.

“ಇದು ಎಷ್ಟ್ನೇ ಕ್ಲಾಸಿಂದು ಮಿಸ್?”

ಸುಳ್ಳು ಹೇಳಬಹುದಿತ್ತು. ಪುಸ್ತಕದ ರಟ್ಟಿನ ಮೇಲೆ ಅಂಕಿ ದೊಡ್ಡದಾಗಿತ್ತು, ಅಂಕಿ ಅವಳಿಗೆ ಗೊತ್ತಾಗುತ್ತದೆ. “ಎರಡನೇದು” ಎಂದೆ.

ಅವಳು ತಲೆಯಾಡಿಸಿದಳು. ಪಕ್ಕದ ಮನೆಯ ಪುಟ್ಟಿ ಇದನ್ನು ಓದುತ್ತಾಳೆ ಎಂದಳು. ಮತ್ತೆ ಬಟ್ಟೆ ಮಡಚಲು ಶುರು ಮಾಡಿದಳು. ಒಂದು ಲಂಗ, ಒಂದು ಟವೆಲು, ಅಪ್ಪನ ಖಾಕಿ ಶರ್ಟು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದಳು.

“ಇನ್ ಸಾಕು ಮಿಸ್. ನಂಗೆ ಬರಲ್ಲ ಅಂತ ಎಲ್ರಿಗೂ ಗೊತ್ತಾಯ್ತಲ್ಲ. ಮತ್ತೆ ಮತ್ತೆ ಯಾಕ್ ನೋಡ್ತೀರ?”

ನೀನು ಮುಂದೆ ಬಂದಿದ್ದೀಯ, ‘ಮರ’ ಓದಲಾರದವಳು ಇವತ್ತು ಇಡೀ ಪಾಠ ಓದಿದೆ, ಬಿಡಬೇಡ ಎಂದೆಲ್ಲ ಹೇಳಿದೆ. ಹೇಳುತ್ತಿರುವಾಗಲೇ ಅದು ನನ್ನ ಕಿವಿಗೇ ವರದಿಯ ಸಾಲಿನಂತೆ ಕೇಳಿಸಿತು. ಅವಳು ಬಟ್ಟೆಯ ರಾಶಿ ಎತ್ತಿಕೊಂಡು ಒಳಗೆ ಇಟ್ಟು ಬಂದಳು. ನಾನು ಹೊರಡುವಾಗ ಚಪ್ಪಲಿ ಹಾಕಿಕೊಳ್ಳುವವರೆಗೂ ಬಾಗಿಲಲ್ಲಿ ನಿಂತು, ಕೊಡೆ ಇದೆಯಾ ಮಿಸ್ ಎಂದು ಕೇಳಿದಳು.

ವಯಸ್ಸು ತುಂಬಿದ ಮೇಲೆ ಅವಳೂ ತಾಯಿಯ ಜೊತೆ ಅದೇ ಕಾರ್ಖಾನೆಗೆ, ಅದೇ ಕೆಲಸಕ್ಕೆ ಸೇರಿದಳು. ನನಗೆ ಅದು ತಿಳಿದದ್ದು ಈ ವರ್ಷ, ಒಂದು ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಇಬ್ಬರನ್ನೂ ಹಸಿರು ಕೋಟಿನಲ್ಲಿ ನೋಡಿದಾಗ. ಗಾಡಿ ನಿಲ್ಲಿಸಿ ಮಾತಾಡಿಸಿದೆ. ಹುಡುಗಿ ನಮಸ್ಕಾರ ಮಿಸ್ ಎಂದು ನಕ್ಕಳು. ಜಡೆ ಒಂದೇ ಆಗಿತ್ತು. ಆಮೇಲೆ ಬಸ್ಸು ಬರುವ ಕಡೆ ನೋಡುತ್ತಾ ನಿಂತಳು.

“ಕೈ ಚುರುಕು ಮೇಡಮ್ಮೋರೆ ಇವ್ಳ್ದು. ಸೂಪ್ರವೈಸರು ಹೊಗಳ್ತಾರೆ” ಎಂದರು ತಾಯಿ. ನನ್ನನ್ನು ಸಮಾಧಾನ ಮಾಡುವವರ ಹಾಗೆ ಹೇಳಿದರು. ಆಮೇಲೆ ಧ್ವನಿ ತಗ್ಗಿಸಿ, “ಪುಸ್ತಕ ಗಿಸ್ತಕ ಅಂತ ಏನೂ ಕೇಳ್ಬೇಡಿ. ಮನೇಲಿ ಪೇಪರ್ ತುಂಡು ಕಂಡ್ರೂ ಮಡಚಿ ಇಟ್ಬುಡ್ತಾಳೆ” ಎಂದರು.

ಬಸ್ಸು ಬಂತು. ಬೋರ್ಡು ಓದಿದಳೋ, ಬಸ್ಸಿನ ಗುರುತು ಹಿಡಿದಳೋ ಗೊತ್ತಾಗಲಿಲ್ಲ; ತಾಯಿಯ ರಟ್ಟೆ ಹಿಡಿದು ಮೊದಲು ಅವರನ್ನು ಹತ್ತಿಸಿ, ತಾನೂ ಹತ್ತಿದಳು. ನನಗೆ ಶಾಲೆಗೆ ತಡವಾಗಿತ್ತು. ವರ್ಷದ ಮೊದಲ ಅಳತೆ ಶುರುವಾಗುವ ದಿನ ಅದು. ಹೋದಾಗ ಬೇಳೆ ಮೂಟೆಗಳ ಪಕ್ಕದ ಬೆಂಚಿನ ಮೇಲೆ ಹೊಸ ಮಕ್ಕಳು ಸಾಲಾಗಿ ಕೂತಿದ್ದರು. ಸೆರಗಿನೊಳಗೆ ಮೊಬೈಲು ಹಿಡಿದುಕೊಂಡು ಮೊದಲನೆಯವಳನ್ನು ಓದು ಎಂದೆ. ಅವಳು ಪುಟ ನೋಡಿದಳು, ಆಮೇಲೆ ತಲೆಯೆತ್ತಿ ನನ್ನ ಮುಖ ನೋಡತೊಡಗಿದಳು.